ಉತ್ತರದ ಬಾಲ್ಕನಿಯಲ್ಲಿ ಸುಟ್ಟ ಗಿಡಗಳು: ಮೈಸೂರಿನ ಒಂದು ಮನೆಯ ಪ್ರಕರಣ

ಕುವೆಂಪುನಗರದ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿ. ಮನೆಯಲ್ಲಿರುವವರು ಮಂಡ್ಯದ ನಿವೃತ್ತ ದಂಪತಿ. ಅಲ್ಲಿ ದೊಡ್ಡ ಹಿತ್ತಲಿದ್ದ ಮನೆ. ಮಲ್ಲಿಗೆ, ಕರಿಬೇವು, ನುಗ್ಗೆ, ತೆಂಗು ಎಲ್ಲವೂ ಇದ್ದವು. ಮಗಳಿಗೆ ಹತ್ತಿರವಿರೋಣವೆಂದು ದೀಪಾವಳಿ ಮುಗಿಸಿಕೊಂಡು ಮೈಸೂರಿಗೆ ಬಂದವರು ಹಿತ್ತಲಿನ ಆಸೆಯನ್ನೆಲ್ಲ ಕುಂಡಗಳಲ್ಲಿ ತೀರಿಸಿಕೊಳ್ಳಲು ಹೊರಟರು. ಮನೆಯಾಕೆ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು. ಬೀದಿಯವರೆಲ್ಲ ಕರೆಯುವ ಹಾಗೆ ನಾನೂ ಅವರನ್ನು ಟೀಚರಮ್ಮ ಎಂದೇ ಕರೆಯುತ್ತೇನೆ.

ಗಿಡ ಇಡಲು ಆ ಮನೆಯಲ್ಲಿ ಎರಡು ಜಾಗ. ಮುಂದೆ, ಉತ್ತರಕ್ಕೆ, ಹದಿನಾಲ್ಕು ಅಡಿ ಉದ್ದ ನಾಲ್ಕು ಅಡಿ ಅಗಲದ ಬಾಲ್ಕನಿ. ಮೇಲೆ ಮೂರನೇ ಮಹಡಿಯ ಬಾಲ್ಕನಿಯೇ ಸೂರು. ಹಿಂದೆ, ದಕ್ಷಿಣಕ್ಕೆ, ವಾಷಿಂಗ್ ಮಷೀನ್ ಇಟ್ಟಿರುವ ಗ್ರಿಲ್ ಹಾಕಿದ ಯುಟಿಲಿಟಿ. ಡಿಸೆಂಬರಿನಲ್ಲಿ ನೋಡಿದರೆ ಉತ್ತರದ ಬಾಲ್ಕನಿಗೆ ಒಂದು ಎಳೆ ಬಿಸಿಲೂ ಇರಲಿಲ್ಲ. ಯುಟಿಲಿಟಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಧಾರಾಳ ಬಿಸಿಲು. ಹಾಗಾಗಿ ಲೆಕ್ಕ ಸುಲಭವಾಯಿತು. ನೆರಳಿನ ಗಿಡಗಳಾದ ಜರಿಗಿಡ, ಬಿಗೋನಿಯ, ಆಂಥೂರಿಯಂ, ಕೋಲಿಯಸ್, ಸ್ಪೈಡರ್ ಪ್ಲಾಂಟ್ ಮುಂದಕ್ಕೆ. ಬಿಸಿಲು ಬೇಡುವ ದುಂಡುಮಲ್ಲಿಗೆ, ದಾಸವಾಳ, ಕನಕಾಂಬರ ಹಿಂದಕ್ಕೆ. ತುಳಸಿ ಮಾತ್ರ ಬಾಲ್ಕನಿಯ ಈಶಾನ್ಯ ಮೂಲೆಗೆ ಹೋಯಿತು; ಅದರ ವಿಷಯದಲ್ಲಿ ಬಿಸಿಲಿನ ಲೆಕ್ಕವನ್ನು ಯಾರೂ ಕೇಳಲಿಲ್ಲ. ಜಾಗ ಉಳಿಯಲೆಂದು ಸಣ್ಣ ಕುಂಡಗಳನ್ನು ಕಂಬಿಗೆ ಕೊಕ್ಕೆ ಹಾಕಿ ಹೊರಗಡೆಗೆ ನೇತುಹಾಕಿದ್ದರು. ಎಲ್ಲವೂ ಕಪ್ಪು ಪ್ಲಾಸ್ಟಿಕ್ ಕುಂಡಗಳು, ಪ್ರತಿಯೊಂದರ ಕೆಳಗೂ ತಟ್ಟೆ.

ಮೂರು ತಿಂಗಳು ತೋಟ ಸೊಗಸಾಗಿತ್ತು. ಮಾರ್ಚ್ ಕೊನೆಯಲ್ಲಿ ಬಾಲ್ಕನಿಯ ಪಶ್ಚಿಮ ತುದಿಯ ಬಿಗೋನಿಯ ಎಲೆಗಳ ಮೇಲೆ ಕಂದು ಕಲೆ ಕಾಣಿಸಿತು. ಏಪ್ರಿಲ್ ಕೊನೆಯ ಹೊತ್ತಿಗೆ ಅದು ಸಾಲಿಡೀ ಹರಡಿತು. ಟೀಚರಮ್ಮ ನೀರು ಹೆಚ್ಚಿಸಿದರು, ಬೆಳಿಗ್ಗೆ ಒಂದು ಸಲ, ಸಂಜೆ ನಾಲ್ಕಕ್ಕೆ ಇನ್ನೊಂದು ಸಲ. ಗಿಡ ತಂದ ನರ್ಸರಿಯಲ್ಲಿ ಕೇಳಿದರೆ ಗೊಬ್ಬರ ಸಾಲದು ಎಂದು ಡಿಎಪಿ ಕೊಟ್ಟು ಕಳಿಸಿದರು. ಪಕ್ಕದ ಮನೆಯಾಕೆ ದೃಷ್ಟಿ ತಗುಲಿದೆ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ನೋಡಿದರೆ, ಆದ ಉಪಚಾರಗಳಲ್ಲಿ ಗಿಡಕ್ಕೆ ತೊಂದರೆ ಕೊಡದೇ ಇದ್ದದ್ದು ಅದೊಂದೇ.

ಮೇ ಎರಡನೇ ವಾರದಲ್ಲಿ ನನಗೆ ಹೇಳಿಕಳಿಸಿದರು. ಬಾಲ್ಕನಿ, ತಾರಸಿಗಳ ಗಿಡಗಳಿಗೆ ಏನಾಗಿದೆ ಎಂದು ಮನೆಗಳಿಗೆ ಹೋಗಿ ನೋಡುವುದು ನನ್ನ ಕೆಲಸ. "ನೀರು ಹಾಕ್ದಷ್ಟೂ ಬಾಡ್ತವೆ ಕಣಪ್ಪ. ಬಿಸ್ಲೇ ಬರಲ್ಲ ಇಲ್ಲಿಗೆ, ಆದ್ರೂ ಸುಟ್ಟೋಗಿವೆ. ಇದ್ಯಾವ ರೋಗ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲೇ ಪೂರ್ತಿ ಪ್ರಕರಣವಿತ್ತು. ಗಿಡ ಸುಟ್ಟಿದೆ, ಆದರೆ ಬಿಸಿಲು ಬರುವುದಿಲ್ಲ. ನೀರಿದೆ, ಆದರೂ ಬಾಡುತ್ತಿದೆ.

ಎಲೆ ನೋಡಿದ್ದು

ಎಲೆ ಕಂದಾಗಲು ಕಾರಣ ಹಲವು, ಆದರೆ ಕಂದಾಗುವ ರೀತಿ ಒಂದೊಂದಕ್ಕೂ ಬೇರೆ. ಉಪ್ಪಿನಂಶ ಹೆಚ್ಚಾದರೆ ಎಲೆಯ ತುದಿ ಮತ್ತು ಅಂಚು ಒಣಗುತ್ತದೆ. ಗಿಡದ ಯಾವ ಕಡೆ ನೋಡಿದರೂ ಹಾಗೇ ಇರುತ್ತದೆ. ಬೇಸಿಗೆಯ ಒಣ ಹವೆಯಲ್ಲಿ ಬರುವ ಕೆಂಪು ನುಸಿಯಾದರೆ ಎಲೆ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕಿ, ಅಡಿಯಲ್ಲಿ ನವಿರಾದ ಬಲೆ. ಬಿಳಿ ಕಾಗದ ಹಿಡಿದು ಎಲೆ ತಟ್ಟಿದರೆ ಓಡಾಡುವ ಚುಕ್ಕಿಗಳು ಬೀಳುತ್ತವೆ. ಬರೀ ನೀರಿನ ಕೊರತೆಯಾದರೆ ಎಲೆ ಜೋತುಬೀಳುತ್ತದೆ, ನೀರು ಕಂಡ ಒಂದೆರಡು ಗಂಟೆಯಲ್ಲಿ ಏಳುತ್ತದೆ.

ಇಲ್ಲಿ ಕಂಡದ್ದು ಇವಾವುದೂ ಅಲ್ಲ. ಕಲೆಗಳು ಎಲೆಯ ನಡುವೆ, ಮೇಲ್ಮೈಯಲ್ಲಿ, ಬೂದು ಮಿಶ್ರಿತ ಕಂದು ಬಣ್ಣದ್ದು, ಮುಟ್ಟಿದರೆ ಕಾಗದದಂತೆ ಸದ್ದು ಮಾಡುತ್ತಿದ್ದವು. ಒಂದು ಎಲೆಯ ಮೇಲೆ ಇನ್ನೊಂದು ಅಡ್ಡ ಬಂದಿದ್ದ ಕಡೆ ಕೆಳಗಿನ ಎಲೆಯ ಆ ಭಾಗ ಹಸಿರಾಗಿಯೇ ಉಳಿದಿತ್ತು. ಅದರ ಗೆರೆ ಕತ್ತರಿಯಲ್ಲಿ ಕತ್ತರಿಸಿದಷ್ಟು ಸ್ಪಷ್ಟ. ರೋಗ ಹೀಗೆ ಗೆರೆ ಕೊಯ್ದು ಬರುವುದಿಲ್ಲ. ಇನ್ನೊಂದು ವಿಷಯ: ಕಂಬಿಯ ಹೊರಗೆ ತೂಗುತ್ತಿದ್ದ ಕುಂಡಗಳ ಸ್ಥಿತಿ ಅತಿ ಕೆಟ್ಟದ್ದು, ನೆಲದಲ್ಲಿ ಕಂಬಿಗೆ ಒತ್ತಿ ಇಟ್ಟವು ಅರ್ಧ ಕೆಟ್ಟಿದ್ದವು, ಪೂರ್ವದ ಕಡೆ ಗೋಡೆಗೆ ಒರಗಿಸಿದ್ದ ಎರಡು ಆಂಥೂರಿಯಂಗೆ ಏನೂ ಆಗಿರಲಿಲ್ಲ. ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ. ಬೇರೆಯಾಗಿದ್ದದ್ದು ಇಟ್ಟ ಜಾಗ ಮಾತ್ರ.

ಬಿಸಿಲೇ ಕಾರಣ ಎಂದು ಹೇಳಿದರೆ ಟೀಚರಮ್ಮ ಒಪ್ಪಲಿಲ್ಲ. ಉತ್ತರಕ್ಕೆ ಬಿಸಿಲು ಎಲ್ಲಿಂದ ಬರುತ್ತದೆ ಎಂದು ನನಗೇ ತಿರುಗಿ ಕೇಳಿದರು. ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸುವ ಹೊತ್ತಿಗೆ ಕಂಬಿಯ ಮೇಲೆ ಎರಡಡಿ ಉದ್ದದ ಕೋಲೊಂದನ್ನು ನೆಟ್ಟಗೆ ಹಿಡಿದೆ. ಮೈಸೂರಿನಲ್ಲಿ ಸೂರ್ಯನ ನಡುಹಗಲು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 20 ನಿಮಿಷ ತಡವಾಗಿ. ಕೋಲಿನ ನೆರಳು ಎರಡು ಅಂಗುಲದಷ್ಟಿತ್ತು, ಬಿದ್ದದ್ದು ಮನೆಯ ಒಳಗಡೆಗೆ, ಎಂದರೆ ದಕ್ಷಿಣಕ್ಕೆ. ನೆರಳು ದಕ್ಷಿಣಕ್ಕೆ ಬಿದ್ದರೆ ಸೂರ್ಯ ಉತ್ತರದಲ್ಲಿರಲೇಬೇಕು. ಮೂವತ್ತು ವರ್ಷ ಮಕ್ಕಳಿಗೆ ಉತ್ತರಾಯಣ, ದಕ್ಷಿಣಾಯನ ಪಾಠ ಮಾಡಿದವರು ಸ್ವಲ್ಪ ಹೊತ್ತು ಕೋಲನ್ನೇ ನೋಡಿದರು. "ಪಂಚಾಂಗದಲ್ಲಿರೋದು ನಮ್ಮ ಬಾಲ್ಕನಿಗೂ ಬರುತ್ತೆ ಅಂತ ಗೊತ್ತಿರ್ಲಿಲ್ಲ ನೋಡು" ಎಂದು ನಕ್ಕರು.

ಹನ್ನೆರಡು ಡಿಗ್ರಿಯ ಊರು

ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಕರ ಸಂಕ್ರಾಂತಿಯ ಹೊತ್ತಿಗೆ ಇನ್ನೂ ದಕ್ಷಿಣದಲ್ಲೇ ಇರುವ ಸೂರ್ಯ ದಿನದಿನಕ್ಕೆ ಉತ್ತರಕ್ಕೆ ಸರಿಯುತ್ತ, ಮಾರ್ಚ್ 21ರ ಸುಮಾರಿಗೆ ಸಮಭಾಜಕ ವೃತ್ತ ದಾಟಿ, ಏಪ್ರಿಲ್ 22–23ರ ಹೊತ್ತಿಗೆ ನಮ್ಮ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆ ದಿನ ನಡುಹಗಲಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಅಲ್ಲಿಂದ ಮುಂದೆ ಆಗಸ್ಟ್ 20ರ ಆಸುಪಾಸಿನವರೆಗೆ, ಹತ್ತಿರಹತ್ತಿರ ನಾಲ್ಕು ತಿಂಗಳು, ಸೂರ್ಯ ಹುಟ್ಟುವುದು, ಏರುವುದು, ಇಳಿಯುವುದು, ಮುಳುಗುವುದು ಎಲ್ಲವೂ ನಮಗೆ ಉತ್ತರದಲ್ಲೇ. ಜೂನ್ 21ರಂದು ನಡುಹಗಲ ಸೂರ್ಯ ನೆತ್ತಿಯಿಂದ 11 ಡಿಗ್ರಿ ಉತ್ತರಕ್ಕೆ ವಾಲಿರುತ್ತಾನೆ.

ಇದನ್ನು ಗೋಡೆಗೆ ಅನ್ವಯಿಸಿ ನೋಡಬೇಕು. ಈ ನಾಲ್ಕು ತಿಂಗಳು ಮೈಸೂರಿನ ಯಾವ ದಕ್ಷಿಣದ ಗೋಡೆಗೂ ನೇರ ಬಿಸಿಲು ಬೀಳುವುದಿಲ್ಲ. ಉತ್ತರದ ಗೋಡೆಗೆ ಬೀಳುತ್ತದೆ. ನಡುಹಗಲಲ್ಲಿ ಸೂರ್ಯ ಬಹುಪಾಲು ನೆತ್ತಿಯಲ್ಲೇ ಇರುವುದರಿಂದ ಸೂರಿನ ಅಡಿಯ ಜಾಗ ಬಚಾವಾಗುತ್ತದೆ, ಹೊರಗೆ ತೂಗುವ ಕುಂಡಗಳಿಗೆ ಪೂರಾ ಬಿಸಿಲು. ಮೂರು ಗಂಟೆ ಕಳೆದ ಮೇಲೆ ಸೂರ್ಯ ವಾಯವ್ಯದ ಕಡೆಯಿಂದ ಓರೆಯಾಗಿ ಸೂರಿನಡಿಗೆ ನುಗ್ಗುತ್ತಾನೆ. ಐದರ ಹೊತ್ತಿಗೆ ಬಾಲ್ಕನಿಯ ಹಿಂಗೋಡೆಯವರೆಗೂ ಬಿಸಿಲು. ಈ ಮನೆಯ ಪೂರ್ವಕ್ಕೆ ದೊಡ್ಡ ಹೊಂಗೆ ಮರವಿದೆ, ಬೆಳಗಿನ ಬಿಸಿಲನ್ನು ಅದು ತಡೆಯುತ್ತಿತ್ತು. ಹಾಗಾಗಿ ಕಲೆ ಮೊದಲು ಪಶ್ಚಿಮ ತುದಿಯಲ್ಲಿ, ಮಾರ್ಚ್ ಕೊನೆಗೇ ಶುರುವಾಯಿತು. ಆ ಹೊತ್ತಿಗೆ ಸಂಜೆಯ ಸೂರ್ಯ ಮಾತ್ರ ಉತ್ತರಕ್ಕೆ ಬಂದಿದ್ದ. ನಡುಹಗಲಿನದು ಬಂದದ್ದು ಏಪ್ರಿಲ್ ಕೊನೆಗೆ, ಸಾಲಿಡೀ ಸುಟ್ಟದ್ದೂ ಆಗಲೇ. ದಿನಾಂಕಗಳು ಇಷ್ಟು ಚೆನ್ನಾಗಿ ಕೂಡಿಬಂದ ಮೇಲೆ ಬೇರೆ ಕಾರಣ ಹುಡುಕುವ ಅಗತ್ಯ ನನಗೆ ಕಾಣಲಿಲ್ಲ.

ಉತ್ತರದ ಬಾಲ್ಕನಿ ಎಂದರೆ ವರ್ಷವಿಡೀ ನೆರಳು ಎಂಬ ಮಾತು ಟೀಚರಮ್ಮನಿಗೆ ಸಿಕ್ಕಿದ್ದು ಮೊಬೈಲ್ ವಿಡಿಯೋಗಳಿಂದ. ದೆಹಲಿ, ಚಂಡೀಗಢದವರು ಅದನ್ನು ಹೇಳಿದರೆ ಮಾತು ಬಹುಮಟ್ಟಿಗೆ ನಿಜ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಮೇಲಿರುವ ಊರುಗಳಲ್ಲಿ ನಡುಹಗಲ ಸೂರ್ಯ ಎಂದಿಗೂ ಉತ್ತರಕ್ಕೆ ದಾಟುವುದಿಲ್ಲ. ಯುರೋಪಿನವರು ಹೇಳಿದರಂತೂ ಇನ್ನಷ್ಟು ನಿಜ. ಮೈಸೂರಿಗೆ, ಮಂಡ್ಯಕ್ಕೆ ಅದು ಹೊಂದುವುದಿಲ್ಲ. ಮಂಡ್ಯದ ಹಿತ್ತಲಿನಲ್ಲಿ ಇದು ಅವರ ಗಮನಕ್ಕೆ ಬಾರದ್ದೂ ಸಹಜವೇ. ಬಯಲಿನ ಗಿಡಕ್ಕೆ ಸೂರ್ಯ ಯಾವ ಕಡೆಗೆ ವಾಲಿದರೂ ಒಂದೇ, ಗೋಡೆಗೆ ಅಂಟಿದ ಗಿಡಕ್ಕೆ ಮಾತ್ರ ವ್ಯತ್ಯಾಸ.

ಬೇರು ನೋಡಿದ್ದು

ಎಲೆ ಸುಟ್ಟದ್ದಕ್ಕೆ ಉತ್ತರ ಸಿಕ್ಕಿತು, ನೀರಿದ್ದೂ ಬಾಡುತ್ತಿದ್ದದ್ದಕ್ಕೆ ಇನ್ನೂ ಇಲ್ಲ. ಒಂದು ಕೋಲಿಯಸ್ ಕುಂಡವನ್ನು ಮಗುಚಿ ಮಣ್ಣಿನ ಗಟ್ಟಿಯನ್ನು ಹೊರತೆಗೆದೆ. ಹೊರಸುತ್ತಿನ ಬೇರೆಲ್ಲ ಕಂದು, ಎಳೆದರೆ ಸಿಪ್ಪೆ ಸುಲಿದು ಒಳಗಿನ ದಾರ ಕೈಗೆ ಬರುತ್ತಿತ್ತು. ಕೊಳೆತ ವಾಸನೆ ಬೇರೆ. ಚೆನ್ನಾಗಿರುವ ಬೇರು ಬಿಳಿಯಾಗಿ, ಬಿರುಸಾಗಿ ಇರುತ್ತದೆ.

ಇದಕ್ಕೆ ಎರಡು ಕಾರಣ ಸೇರಿದ್ದವು. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಕಪ್ಪು ಪ್ಲಾಸ್ಟಿಕ್ ಕುಂಡದ ಪಶ್ಚಿಮ ಮಗ್ಗುಲನ್ನು ಕೈಯಿಂದ ಮುಟ್ಟಿ ಹಿಡಿಯಲಾಗುತ್ತಿರಲಿಲ್ಲ. ಮೈಸೂರಿನ ಏಪ್ರಿಲ್ ಹವೆಯ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 34–35 ಡಿಗ್ರಿ. ಕಲಬುರಗಿಯವರು ಕೇಳಿದರೆ ನಗುತ್ತಾರೆ. ಆದರೆ ಹವೆಯ ಉಷ್ಣಾಂಶ ಬೇರೆ, ಕುಂಡದೊಳಗಿನದು ಬೇರೆ. ಕಪ್ಪು ಕುಂಡದ ಒಳಮಗ್ಗುಲಿನ ಮಣ್ಣು ಹವೆಗಿಂತ ಎಷ್ಟೋ ಡಿಗ್ರಿ ಹೆಚ್ಚು ಕಾಯುತ್ತದೆ, ಮತ್ತು ಬಹುತೇಕ ಗಿಡಗಳ ಬೇರು 40ರ ಹತ್ತಿರ ಬಂದರೆ ಬೆಳೆಯುವುದನ್ನು ನಿಲ್ಲಿಸಿ ತುದಿಯಿಂದ ಸಾಯತೊಡಗುತ್ತದೆ. ನೆಲದ ಗಿಡಕ್ಕೆ ಈ ಪಾಡಿಲ್ಲ, ಒಂದು ಗೇಣು ಕೆಳಗೆ ಹೋದರೆ ತಂಪು. ಕುಂಡದಲ್ಲಿ ಬೇರು ಸುತ್ತಿ ಸುತ್ತಿ ಸೇರುವುದೇ ಹೊರಮಗ್ಗುಲಿಗೆ, ಎಂದರೆ ಅತಿ ಬಿಸಿಯಾದ ಜಾಗಕ್ಕೆ.

ಹೀಗೆ ಸತ್ತ ಬೇರಿನ ಮೇಲೆ ದಿನಕ್ಕೆರಡು ಸಲ ನೀರು ಬಿತ್ತು. ಬೇರಿಲ್ಲದ ಗಿಡ ನೀರು ಕುಡಿಯಲಾರದೆ ಬಾಡಿತು. ಬಾಡಿದ್ದು ಕಂಡು ಇನ್ನಷ್ಟು ನೀರು. ತಟ್ಟೆಯಲ್ಲಿ ನಿಂತದ್ದು ಕೆಳಗಿನಿಂದ ಮತ್ತೆ ಮೇಲಕ್ಕೆ. ಸಂಜೆ ನಾಲ್ಕರ ನೀರಂತೂ ತಾರಸಿಯ ಕಪ್ಪು ಟ್ಯಾಂಕಿನಿಂದ ಬಿಸಿಲು ಕಾದ ಪೈಪಿನಲ್ಲಿ ಇಳಿದುಬಂದದ್ದು. ಮೊದಲ ಬಕೆಟ್ ಸ್ನಾನಕ್ಕಾಗುವಷ್ಟು ಬಿಸಿ. ಮೇಲೆ ಡಿಎಪಿಯ ಉಪ್ಪು. ಬೋರ್‌ವೆಲ್ ನೀರಿನ ಗಡಸಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಮೊದಲೇ ಇತ್ತು.

ಬದಲಿಸಿದ್ದು

ಮೊದಲ ತಿದ್ದುಪಡಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹಿಂದಿನ ಯುಟಿಲಿಟಿಗೆ ಹೋಗಿ ನೋಡಿದರೆ ಮಲ್ಲಿಗೆ ಗಿಡಗಳು ಕಡುಹಸಿರಾಗಿ, ಉದ್ದುದ್ದ ಕಡ್ಡಿ ಬಿಟ್ಟುಕೊಂಡು, ಹೂವಿಲ್ಲದೆ ನಿಂತಿದ್ದವು. ಮಾರ್ಚಿನಲ್ಲಿ ಒಂದು ಸುತ್ತು ಹೂಬಿಟ್ಟು ಆಮೇಲೆ ನಿಂತೇ ಹೋಯಿತಂತೆ. ದುಂಡುಮಲ್ಲಿಗೆಗೆ ಬೇಸಿಗೆಯೇ ಹಂಗಾಮು, ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಆ ಹಂಗಾಮಿನಲ್ಲೇ ದಕ್ಷಿಣದ ಗೋಡೆ ಕತ್ತಲಾಗಿತ್ತು. ಮುಂದಿನವು ಬಿಸಿಲಿಗೆ ಸುಟ್ಟರೆ ಹಿಂದಿನವು ಬಿಸಿಲಿಲ್ಲದೆ ಹೂ ನಿಲ್ಲಿಸಿದ್ದವು, ಎರಡೂ ಒಂದೇ ಕಾರಣಕ್ಕೆ. ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಸಾಗಿಸಿದೆವು.

ಸಾಗಿಸುವಾಗ ಎರಡು ಎಚ್ಚರಿಕೆ ಬೇಕಾಯಿತು. ತಿಂಗಳುಗಟ್ಟಲೆ ನೆರಳಿನಲ್ಲಿದ್ದ ಮಲ್ಲಿಗೆಯನ್ನು ಒಮ್ಮೆಲೇ ಕಂಬಿಯ ಹತ್ತಿರ ಇಟ್ಟರೆ ಅದರ ಎಲೆಯೂ ಸುಡುತ್ತದೆ. ಬಿಸಿಲು ಬೇಡುವ ಗಿಡವಾದರೂ ಎಲೆ ಬೆಳೆದದ್ದು ನೆರಳಿಗೆ. ಆದ್ದರಿಂದ ಮೊದಲ ವಾರ ಗೋಡೆಗೆ ಒತ್ತಿ, ಆಮೇಲೆ ಸ್ವಲ್ಪಸ್ವಲ್ಪವೇ ಮುಂದಕ್ಕೆ. ಎರಡನೆಯದು ತೂಕ. ಹನ್ನೆರಡು ಅಂಗುಲದ ಕುಂಡ, ಒದ್ದೆ ಕೆಮ್ಮಣ್ಣು ತುಂಬಿದ್ದು, ಇಪ್ಪತ್ತು ಕಿಲೋ ದಾಟುತ್ತದೆ. ವಯಸ್ಸಾದವರು ವರ್ಷಕ್ಕೆರಡು ಸಲ ಎತ್ತಿಡುವ ವಸ್ತುವಲ್ಲ. ಎಲ್ಲ ದೊಡ್ಡ ಕುಂಡಗಳಿಗೂ ಗಾಲಿ ಹಲಗೆ ಬಂತು. ಮಣ್ಣಿನ ಮಿಶ್ರಣವನ್ನೂ ಹಗುರ ಮಾಡಿದೆವು. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಅದಕ್ಕೆ ಒಂದೆರಡು ಹಿಡಿ ಭತ್ತದ ಹೊಟ್ಟು, ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟನ್ನು ತೊಳೆಯದೆ ಹಾಕಬಾರದು, ತೆಂಗಿನ ನಾರಿನಲ್ಲೇ ಉಪ್ಪಿರುತ್ತದೆ. ಅದರದ್ದೇ ಇನ್ನೊಂದು ಮೋಸ: ಮೇಲ್ಭಾಗ ಒಣಗಿ ತಿಳಿಬಣ್ಣಕ್ಕೆ ತಿರುಗಿದರೂ ಎರಡು ಅಂಗುಲ ಕೆಳಗೆ ಹಿಂಡಿದರೆ ನೀರು ಬರುತ್ತದೆ. ಕಣ್ಣು ನಂಬಿ ನೀರು ಹಾಕಿದರೆ ಮತ್ತೆ ಕೊಳೆಯುತ್ತದೆ.

ಬಿಸಿಲಿಗೆ ಬರುವ ಸಾಲಿಗೆ ಮಣ್ಣಿನ ಕುಂಡಗಳನ್ನು ತಂದೆವು. ಅವುಗಳ ಮೈಯಿಂದ ನೀರು ಜಿನುಗಿ ಆರುವಾಗ ಒಳಗೆ ತಂಪಾಗುತ್ತದೆ, ಮಡಕೆಯ ನೀರಿನ ಹಾಗೆ. ಬೇಗ ಒಣಗುವುದೇ ಅವುಗಳ ದೋಷ, ಆದರೆ ನೀರು ಹಾಕುವ ಕೈ ಧಾರಾಳವಾಗಿರುವ ಮನೆಯಲ್ಲಿ ಆ ದೋಷವೇ ಅನುಕೂಲ. ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ಬಿಸಾಡಲಿಲ್ಲ. ಹಿಂದೆ ನೆರಳಿಗೆ ಹೋದವು ಅವುಗಳಲ್ಲೇ ಇವೆ. ಕಂಬಿಯ ಹೊರಗಿನ ಕೊಕ್ಕೆಗಳನ್ನು ಒಳಗಡೆಗೆ ತಿರುಗಿಸಿ, ಅಲ್ಲಿ ಟೇಬಲ್ ರೋಸ್ ಮತ್ತು ನಿತ್ಯಪುಷ್ಪ ಹಾಕಿದೆವು. ಮೈಸೂರಿನ ಮೇ ಬಿಸಿಲಿಗೆ ಸಣ್ಣ ಕುಂಡದಲ್ಲಿ ನಗುತ್ತಾ ನಿಲ್ಲುವ ಹೂಗಳು ನನ್ನ ಅನುಭವದಲ್ಲಿ ಇವೆರಡೇ. ಪೆಟೂನಿಯ, ಪ್ಯಾನ್ಸಿ ಬೇಕೆಂದು ಬೇಸಿಗೆಯಲ್ಲಿ ಕೇಳುವವರಿಗೆ ದಸರಾ ಕಳೆಯಲಿ ಎನ್ನುತ್ತೇನೆ.

ಪಶ್ಚಿಮ ತುದಿಗೆ ಹಸಿರು ನೆಟ್ ಕಟ್ಟುವುದು ಎಲ್ಲರಿಗೂ ಹೊಳೆಯುವ ದಾರಿ. ಕಟ್ಟಡದ ಮುಂಭಾಗದಲ್ಲಿ ನೆಟ್ ಕಾಣಬಾರದೆಂದು ಅಲ್ಲಿನ ಸಂಘದ ನಿಯಮ. ಬಿದಿರಿನ ತಟ್ಟಿಯೊಂದನ್ನು ಒಳಗಡೆಯಿಂದ ಆ ಬೇಸಿಗೆಯ ಮಟ್ಟಿಗೆ ನಿಲ್ಲಿಸಿದೆವು. ಅದರ ಬುಡದಲ್ಲಿ ಬಸಳೆ ಕಡ್ಡಿ ಊರಿ, ಸೆಣಬಿನ ಹುರಿ ಮೇಲಕ್ಕೆ ಎಳೆದು ಕಟ್ಟಿದೆವು. ಸೆಕೆ ಮತ್ತು ನೀರು ಸಿಕ್ಕರೆ ಬಸಳೆ ಓಡುವ ಓಟ ನೋಡಬೇಕು. ಮುಂದಿನ ವರ್ಷದಿಂದ ಶಿವರಾತ್ರಿಯ ಹೊತ್ತಿಗೇ ಊರಿದರೆ ಏಪ್ರಿಲ್ ಕೊನೆಗೆ ತಟ್ಟಿ ಬೇಕಾಗುವುದಿಲ್ಲ, ಹುಳಿಗೂ ಸೊಪ್ಪಾಗುತ್ತದೆ.

ಮಣ್ಣಿನ ಮೇಲೆ ಮುಚ್ಚಲು ಮಂಡ್ಯದ ನೆಂಟರ ಗದ್ದೆಯಿಂದ ಒಂದು ಚೀಲ ಕಬ್ಬಿನ ತರಗು ಬಂತು. ಕತ್ತರಿಸಿ ಎರಡು ಅಂಗುಲ ದಪ್ಪಕ್ಕೆ ಹಾಸಿದರೆ ಮೇಲ್ಮಣ್ಣು ಕಾಯುವುದು, ಆರುವುದು ಎರಡೂ ತಗ್ಗುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬಾರದು. ಯಜಮಾನರು ಕಬ್ಬಿನ ಹಾಲಿನ ಅಂಗಡಿಯಿಂದ ಸಿಪ್ಪೆ ತರಲೇ ಎಂದು ಕೇಳಿದರು. ಬೇಡ ಎಂದೆ, ಅದರಲ್ಲಿ ಸಿಹಿ ಉಳಿದಿರುತ್ತದೆ, ಇರುವೆಗೆ ಹಬ್ಬ.

ನೀರಿನದು ಕೊನೆಗೆ ಒಂದೇ ನಿಯಮಕ್ಕೆ ಬಂದು ನಿಂತಿತು: ಬೆಳಿಗ್ಗೆ ಏಳರೊಳಗೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುವುದು. ತೇವ ತಾಗಿದರೆ ನೀರಿಲ್ಲ. ತಾಗದಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು. ಸಣ್ಣ ಕುಂಡಗಳನ್ನು ಎತ್ತಿ ನೋಡಿದರೆ ತೂಕವೇ ಹೇಳುತ್ತದೆ. ತಟ್ಟೆಗಳನ್ನು ಹೊರಗಡೆ ಪೂರ್ತಿ ತೆಗೆಸಿದೆ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ವಾರ, ಹತ್ತು ದಿನ ಸಾಕು. ಉಪ್ಪು ಹೋಗಲೆಂದು ಉಳಿದ ಕುಂಡಗಳಿಗೆ ಒಂದು ಸಲ ಕುಂಡದ ಗಾತ್ರದ ಎರಡರಷ್ಟು ನೀರು ಹರಿಸಿ ಬಸಿದೆವು. ಗೊಬ್ಬರ ಜೂನ್‌ವರೆಗೆ ಪೂರಾ ಬಂದ್.

ಆದದ್ದು

ಬಿಗೋನಿಯಗಳು ಉಳಿಯಲಿಲ್ಲ. ಕೋಲಿಯಸ್‌ನ ಬೇರು ಹೋಗಿದ್ದರೂ ತುದಿಗಳು ಚೆನ್ನಾಗಿದ್ದವು. ಮುರಿದು ನೀರಿನ ಲೋಟದಲ್ಲಿ ಇಟ್ಟದ್ದು ಬೇರು ಬಿಟ್ಟಿತು, ಅದನ್ನೇ ಹೊಸದಾಗಿ ನೆಟ್ಟರು. ಜರಿಗಿಡಗಳನ್ನು ಬುಡದವರೆಗೆ ಕತ್ತರಿಸಿ ಹಿಂದಕ್ಕೆ ಸಾಗಿಸಿದ್ದೆವು. ರೋಹಿಣಿ ಮಳೆ ಬಂದು ಹವೆ ತಂಪಾದಾಗ ಸುರುಳಿ ಚಿಗುರು ಎದ್ದವು. ಮುಂದಕ್ಕೆ ಬಂದ ಮಲ್ಲಿಗೆಯ ಉದ್ದ ಕಡ್ಡಿಗಳನ್ನು ಸವರಿದ ಮೇಲೆ ಜೂನ್‌ನಲ್ಲಿ ಮೊಗ್ಗು ಬಂತು, ಹೇರಳವಾಗಿ ಅಲ್ಲ, ದೇವರ ಫೋಟೋಗೆ ಆಗುವಷ್ಟು. ದಾಸವಾಳಕ್ಕೆ ಹೊಸ ಜಾಗದ ಒಣ ಗಾಳಿಯಲ್ಲಿ ಕೆಂಪು ನುಸಿ ಹಿಡಿಯಿತು. ಎಲೆಯ ಅಡಿಗೆ ರಭಸವಾಗಿ ನೀರು ಹೊಡೆಯುತ್ತಾ ಬಂದದ್ದರಿಂದ ತಗ್ಗಿತು, ಪೂರ್ತಿ ಹೋದದ್ದು ಮಳೆಗೇ.

ಮುಂದಿನ ಏರ್ಪಾಡನ್ನು ದಿನಾಂಕ ಬರೆದಿಡುವ ಬದಲು ಹಬ್ಬಗಳಿಗೆ ಕಟ್ಟಿದೆವು. ಯುಗಾದಿಗೆ ನೆರಳಿನ ಗಿಡ ಹಿಂದಕ್ಕೆ, ಬಿಸಿಲಿನ ಗಿಡ ಮುಂದಕ್ಕೆ. ಗೌರಿ ಹಬ್ಬಕ್ಕೆ ಮನೆ ತೊಳೆಯುವಾಗ ವಾಪಸ್. ಯುಗಾದಿ ಬರುವುದು ಸೂರ್ಯ ಸಮಭಾಜಕ ದಾಟುವ ಆಸುಪಾಸಿನಿಂದ ಮೂರ್ನಾಲ್ಕು ವಾರದೊಳಗೆ, ಗೌರಿ ಹಬ್ಬ ಸಾಮಾನ್ಯವಾಗಿ ಅವನು ನಮ್ಮ ನೆತ್ತಿಯನ್ನು ದಾಟಿ ದಕ್ಷಿಣಕ್ಕೆ ಮರಳಿದ ಮೇಲೆ. ಸಾಕಷ್ಟು ಹತ್ತಿರದ ಲೆಕ್ಕ. ಆ ವರ್ಷದ ಗೌರಿ ಹಬ್ಬಕ್ಕೆ ಅವರೇ ಗಾಲಿ ತಳ್ಳಿ ಬದಲಿಸಿದರು.

ಎಲ್ಲ ಮನೆಗೂ ಈ ಏರ್ಪಾಡು ಕೂಡುವುದಿಲ್ಲ. ಬಯಲು ತಾರಸಿಯಲ್ಲಿ ಗೋಡೆಯ ಮಾತೇ ಇಲ್ಲ, ಅಲ್ಲಿ ಬೇಸಿಗೆಗೆ ನೆಟ್ ಬೇಕೇ ಬೇಕು. ಪೂರ್ವ ಪಶ್ಚಿಮದ ಬಾಲ್ಕನಿಗಳಿಗೆ ವರ್ಷವಿಡೀ ಅರ್ಧ ದಿನದ ಬಿಸಿಲು ಬರುತ್ತಲೇ ಇರುತ್ತದೆ. ಎದುರುಮನೆ ನಾಲ್ಕು ಮಹಡಿ ಎದ್ದಿದ್ದರೆ ಉತ್ತರದ ಬಾಲ್ಕನಿಯ ಸಂಜೆ ಬಿಸಿಲಿಗೂ ಅದು ಅಡ್ಡ ಬಂದೀತು. ಉತ್ತರ ದಕ್ಷಿಣ ಎರಡೂ ಕಡೆ ತೆರೆದ ಮನೆಯಾಗಿದ್ದರಿಂದ ಈ ಅದಲುಬದಲು ಸಾಧ್ಯವಾಯಿತು.

ಒಪ್ಪಿಗೆಯಾಗದೆ ಉಳಿದದ್ದು ತುಳಸಿ. ಅದನ್ನು ಚಳಿಗಾಲದಲ್ಲಿ ಬಿಸಿಲಿಗೆಂದು ಯುಟಿಲಿಟಿಗೆ ಒಯ್ಯೋಣ ಎಂದರೆ, ಬಟ್ಟೆ ಒಗೆಯುವ ಮಷೀನಿನ ಪಕ್ಕದಲ್ಲೇ ಎಂದು ಟೀಚರಮ್ಮ ಮುಖ ಸಿಂಡರಿಸಿದರು. ಸ್ನಾನವಾದ ಮೇಲೆ ದಿನಾ ಅದಕ್ಕೊಂದು ಚೊಂಬು ನೀರು ಹಾಕುವುದನ್ನೂ ಬಿಡುವುದಿಲ್ಲ, ಬೆರಳಿಟ್ಟು ನೋಡುವ ನಿಯಮ ಅಲ್ಲಿ ನಡೆಯದು. ಸರಿ, ಮಣ್ಣನ್ನೇ ಅವರ ಚೊಂಬಿಗೆ ಹೊಂದಿಸಿದೆವು: ಅರ್ಧಕ್ಕೆ ಅರ್ಧ ದಪ್ಪ ಮರಳು, ತೂತು ದೊಡ್ಡದು ಮಾಡಿದ ಮಣ್ಣಿನ ಕುಂಡ, ತಟ್ಟೆಯಿಲ್ಲ. ದಿನಾ ಹಾಕಿದ ನೀರು ದಿನವೇ ಇಳಿದುಹೋಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಆ ಮೂಲೆಯಲ್ಲಿ ತುಳಸಿ ಸೊರಗುವುದಂತೂ ಖಂಡಿತ. ಅದಕ್ಕೆ ಉದುರಿದ ಬೀಜದಿಂದ ನಾಲ್ಕು ಸಸಿ ಯುಟಿಲಿಟಿಯ ಗ್ರಿಲ್‌ನಲ್ಲಿ ಬೆಳೆಸಿಕೊಳ್ಳಲು ಹೇಳಿದ್ದೇನೆ. ಉತ್ಥಾನ ದ್ವಾದಶಿಗೆ ಒಂದು, ಸಂಕ್ರಾಂತಿಗೆ ಒಂದು ಎಂದು ಬದಲಿಸುತ್ತಾ ಹೋಗಬಹುದು. ಸಸಿ ಇರುವಷ್ಟು ದಿನ ಅಲ್ಲಿರಲಿ, ಪೂಜೆಗೆ ಬರುವುದು ಮುಂದೆ ಬಂದ ಮೇಲೆ ತಾನೇ ಎಂದು ಅದಕ್ಕೆ ಒಪ್ಪಿದ್ದಾರೆ.